ಸೀತಾ–ಸ್ವರ್ಣಾ ಅಳಿವೆಯ ಮರುವಾಯಿ: ನೆರೆ ದೊಡ್ಡದಾದರೆ ಸಾಲದು, ಹೊತ್ತೂ ಕೆಡಬೇಕು

ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಉಡುಪಿ ಬಳಿಯ ಕೋಡಿಬೆಂಗ್ರೆಯ ಹೊಳೆಬದಿಗೆ ಇಳಿದು ನೀರಿನ ಒಂದು ಹನಿಯನ್ನು ನಾಲಿಗೆಗೆ ಮುಟ್ಟಿಸಿದರೆ ಉಪ್ಪು ಹತ್ತುವುದೇ ಇಲ್ಲ. ಬೆಂಗ್ರೆಯ (ಕಡಲಿಗೂ ಹೊಳೆಗೂ ನಡುವಿನ ಮರಳಪಟ್ಟಿ) ಆಚೆ ಬದಿಯಲ್ಲಿ ಸಮುದ್ರ ಬೊಬ್ಬೆ ಹಾಕುತ್ತಿರುತ್ತದೆ, ಈಚೆ ಬದಿಯಲ್ಲಿ ಕೆಂಪು ನೀರು. ಅದೇ ಜಾಗದಲ್ಲಿ ಮೇ ತಿಂಗಳ ಭರತದ (ಉಬ್ಬರದ) ಹೊತ್ತಿಗೆ ಅಳೆದರೆ ಉಪ್ಪು 30 ಪಿಪಿಟಿ ದಾಟಿರುತ್ತದೆ. ಪಿಪಿಟಿ ಎಂದರೆ ಒಂದು ಕೆ.ಜಿ. ನೀರಿನಲ್ಲಿ ಎಷ್ಟು ಗ್ರಾಂ ಉಪ್ಪು ಎಂಬ ಲೆಕ್ಕ. ತೆರೆದ ಸಮುದ್ರದಲ್ಲಿ ಅದು 35ರ ಆಸುಪಾಸು. ಪ್ರತಿ ವರ್ಷ ಸೊನ್ನೆಯಿಂದ ಮೂವತ್ತಕ್ಕೆ ಹೋಗಿ ಮತ್ತೆ ಸೊನ್ನೆಗೆ ಇಳಿಯುವ ಈ ನೀರಿನ ಅಡಿಯಲ್ಲಿ, ಅಂಗೈ ಆಳದ ಮರಳಿನೊಳಗೆ ಮರುವಾಯಿ ಎಂಬ ಎರಡು ಚಿಪ್ಪಿನ ಮೃದ್ವಂಗಿ ಬದುಕುತ್ತದೆ. ವರ್ಷ ವರ್ಷ ಹೆಕ್ಕಿದರೂ ಮರುವರ್ಷ ಇರುತ್ತದೆ.

ಈ ಪ್ರಕರಣದಲ್ಲಿ ಕೇಳಬೇಕಾದ ಪ್ರಶ್ನೆ ಇದು. ಇಷ್ಟು ದೊಡ್ಡ ಏರಿಳಿತವನ್ನು ತಡೆದುಕೊಳ್ಳುವ ಜೀವಿಗಳ ಕೂಟ, ಅದಕ್ಕಿಂತ ಚಿಕ್ಕ ಏರಿಳಿತಕ್ಕೆ ಏಕೆ ಕುಸಿಯಬಹುದು? ಉತ್ತರ ಹುಡುಕಲು ಉಡುಪಿಯವರಿಗೆ ನೆನಪಿರುವ ಮೂರು ಮಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು: 2020ರ ಸೆಪ್ಟೆಂಬರ್ 20ರ ನೆರೆ, 2021ರ ಮೇ ನಡುವಿನ ತೌಕ್ತೆ ಚಂಡಮಾರುತ, ಅದೇ ವರ್ಷದ ನವೆಂಬರ್ ಮಳೆ.

ಜಾಗ ಮತ್ತು ನೀರು

ಸ್ವರ್ಣಾ ಕಾರ್ಕಳದ ಘಟ್ಟದ ಬದಿಯಿಂದ ಬರುತ್ತದೆ. ಹಿರಿಯಡ್ಕದ ಹತ್ತಿರ ಬಜೆಯಲ್ಲಿ ಅದಕ್ಕೆ ಅಣೆಕಟ್ಟು ಇದ್ದು, ಉಡುಪಿ ನಗರ ಕುಡಿಯುವುದು ಅದೇ ನೀರನ್ನು. ಸೀತಾ ಬರುವುದು ಆಗುಂಬೆಯ ಕಡೆಯಿಂದ, ಹೆಬ್ರಿ, ಬಾರಕೂರು ದಾಟಿ. ಎರಡೂ ಹಂಗಾರಕಟ್ಟೆ ಮತ್ತು ಕೋಡಿಬೆಂಗ್ರೆಯ ನಡುವಿನ ಒಂದೇ ಬಾಯಿಯಿಂದ ಸಮುದ್ರ ಸೇರುತ್ತವೆ; ಹೊಳೆ ಕಡಲು ಸೇರುವ ಈ ಜಾಗವೇ ಅಳಿವೆ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಆಗುಂಬೆಯಲ್ಲಿ 7,000 ದಾಟುತ್ತದೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿದಿರುತ್ತದೆ.

ಅಳಿವೆಯ ಮೇಲೆಯೇ ಬೀಳುವ ಮಳೆ ದೊಡ್ಡ ವಿಷಯವಲ್ಲ. ಒಂದು ಮೀಟರ್ ಆಳದ, 32 ಪಿಪಿಟಿ ಉಪ್ಪಿರುವ ನೀರಿನ ಮೇಲೆ ಒಂದೇ ದಿನ 200 ಮಿ.ಮೀ. ಸುರಿದು ಎಲ್ಲ ಬೆರೆತರೂ ಉಪ್ಪು 26.7ಕ್ಕೆ ಇಳಿಯುತ್ತದೆ, ಅಷ್ಟೇ. ಉಪ್ಪನ್ನು ತೊಳೆಯುವುದು ಹೊಳೆ. ಒಂದು ಚದರ ಕಿಲೋಮೀಟರ್ ಮೇಲೆ 100 ಮಿ.ಮೀ. ಮಳೆಯೆಂದರೆ 10 ಕೋಟಿ ಲೀಟರ್. ಬೇಸಗೆಯಲ್ಲಿ ಬಾಯಾರಿದ ಮುರಕಲ್ಲಿನ ನೆಲ ಮೊದಲ ಮಳೆಯ ಬಹುಪಾಲನ್ನು ಕುಡಿದುಬಿಡುತ್ತದೆ. ಆಗಸ್ಟ್‌ನಲ್ಲಿ ನೆಲಕ್ಕೆ ಕುಡಿಯಲು ಜಾಗವಿಲ್ಲ, ಬಿದ್ದದ್ದೆಲ್ಲ ಹೊಳೆಗೆ.

ಇನ್ನೊಂದು ವಿಷಯವನ್ನು ಅನೇಕರು ಮರೆಯುತ್ತಾರೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಹೊಳೆಯ ಹರಿವು ಕಡಿಮೆ ಇದ್ದಾಗ ಉಪ್ಪುನೀರು ಆಳದ ತಳ ಹಿಡಿದು ಹೊಳೆಯ ಮೇಲ್ಭಾಗದ ಕಡೆಗೆ ನುಗ್ಗುತ್ತದೆ, ಸಿಹಿನೀರು ಅದರ ಮೇಲೆ ತೇಲುತ್ತದೆ. ಹಾಗಾಗಿ ಒಂದೇ ದಿನ, ಒಂದೇ ಜಾಗದಲ್ಲಿ ಕುದ್ರುವಿನ (ಹೊಳೆ ನಡುವಿನ ದ್ವೀಪ) ಅಂಚಿನ ದಿಬ್ಬದ ಮೇಲಿರುವ ಮರುವಾಯಿಗೆ ಇಳಿತದ ಹೊತ್ತಿಗೆ ಸಿಹಿನೀರು ತಾಗಿದರೆ, ಹತ್ತು ಮಾರು ಆಚೆ ಆಳದಲ್ಲಿರುವುದಕ್ಕೆ ಇನ್ನೂ ಉಪ್ಪುನೀರೇ ಇರುತ್ತದೆ.

ಯಾರು ಯಾರು

ತುಳುವಿನಲ್ಲಿ ಮರುವಾಯಿ, ಕೊಂಕಣಿಯಲ್ಲಿ ಕುಬೆ ಎಂದು ಒಟ್ಟಾರೆ ಕರೆಯುವುದರಲ್ಲಿ ಒಂದಕ್ಕಿಂತ ಹೆಚ್ಚು ಜಾತಿಗಳಿವೆ. ಬಾಯಿಯ ಹತ್ತಿರದ ಮರಳಿನಲ್ಲಿ ಹೆಚ್ಚು ಉಪ್ಪು ಬೇಡುವ ಪಾಫಿಯಾ ಮಲಬಾರಿಕಾ. ನಡುವಿನ ಭಾಗದಲ್ಲಿ ಏರಿಳಿತಕ್ಕೆ ಚೆನ್ನಾಗಿ ಒಗ್ಗುವ ಮೆರೆಟ್ರಿಕ್ಸ್ ಕಾಸ್ಟಾ. ಮೇಲ್ಗಡೆ, ಸಿಹಿನೀರಿಗೆ ಹತ್ತಿರವಾಗಿ, ಕಪ್ಪು ಚಿಪ್ಪಿನ ವಿಲ್ಲೊರಿಟಾ. ಇವು ಕರ್ನಾಟಕ ಮತ್ತು ಕೇರಳದ ಅಳಿವೆಗಳ ಮುಖ್ಯ ಜಾತಿಗಳು. ಬಂಡೆಗೂ ಸೇತುವೆಯ ಕಂಬಗಳಿಗೂ ಅಂಟಿದ ಸಿಂಪಿ, ಕೆಸರಿನ ಹುಳುಗಳು, ಏಡಿ, ಸಣ್ಣ ಬಸವನಹುಳು ಜಾತಿಗಳು, ಇವನ್ನೆಲ್ಲ ತಿನ್ನಲು ಬರುವ ಮೀನು, ಬೆಳ್ಳಕ್ಕಿ ಸೇರಿದರೆ ಕೂಟ ಪೂರ್ತಿ.

ಜಾತಿಗಳ ಸಂಖ್ಯೆ ಸಮುದ್ರಕ್ಕೂ ಹೊಳೆಗೂ ಹೋಲಿಸಿದರೆ ಕಡಿಮೆಯೇ. 1934ರಲ್ಲಿ ಜರ್ಮನಿಯ ಜೀವವಿಜ್ಞಾನಿ ಅಡಾಲ್ಫ್ ರೆಮಾನೆ ಬಾಲ್ಟಿಕ್ ಸಮುದ್ರದಲ್ಲಿ ತೋರಿಸಿದ್ದು ಇದನ್ನೇ: 5ರಿಂದ 8 ಪಿಪಿಟಿ ಸುತ್ತಮುತ್ತ ಜಾತಿಗಳ ಸಂಖ್ಯೆ ತಳ ಮುಟ್ಟುತ್ತದೆ. ಅಲ್ಲಿ ಆ ಉಪ್ಪು ಜಾಗಕ್ಕೆ ಅಂಟಿಕೊಂಡದ್ದು, ನಮ್ಮಲ್ಲಿ ಅದು ತಿಂಗಳಿಗೆ ಅಂಟಿಕೊಂಡದ್ದು. ಬಾಲ್ಟಿಕ್‌ನ ಪಾಠವನ್ನು ಇಲ್ಲಿಗೆ ಹಾಗೆಯೇ ತಂದು ಹಚ್ಚಿದರೆ ಎಡವುವುದು ಖಂಡಿತ.

ಮಳೆಗಾಲದ ತೊಳೆತದಿಂದ ಲಾಭವೂ ಇದೆ. ಚಿಪ್ಪಿಗೆ ತೂತು ಕೊರೆದು ತಿನ್ನುವ ಸಮುದ್ರದ ಬಸವನಹುಳುಗಳು ಸಿಹಿನೀರಿನಲ್ಲಿ ನಿಲ್ಲುವುದಿಲ್ಲ. ಹೆಚ್ಚು ಉಪ್ಪಿನಲ್ಲಿ ಬಲಿಯುವ ಪರೋಪಜೀವಿಗಳೂ ಹಿಮ್ಮೆಟ್ಟುತ್ತವೆ. ಸಿಂಪಿಯ ಮೇಲೆ ಹತ್ತಿದ ಕಸ ಉದುರುತ್ತದೆ. ಮಳೆ ಕೈಕೊಟ್ಟ ವರ್ಷ ಮರುವಾಯಿಗೆ ಹಬ್ಬ ಎಂದುಕೊಂಡರೆ ತಪ್ಪು. ಅದರ ಶತ್ರುಗಳಿಗೂ ಆ ವರ್ಷ ಹಬ್ಬವೇ.

ಚಿಪ್ಪು ಮುಚ್ಚಿದ ಮೇಲೆ

ಮೀನಿನಂತೆ ಮೈಯೊಳಗಿನ ಉಪ್ಪನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಶಕ್ತಿ ಮರುವಾಯಿಗಿಲ್ಲ. ಹೊರಗಿನ ನೀರು ಎಷ್ಟು ಉಪ್ಪೋ ಮೈನೀರೂ ಹೆಚ್ಚುಕಡಿಮೆ ಅಷ್ಟೇ. ಹೊರಗೆ ಉಪ್ಪು ಇಳಿದರೆ ಜೀವಕೋಶದೊಳಗೆ ನೀರು ನುಗ್ಗಿ ಅದು ಊದುತ್ತದೆ. ಅದನ್ನು ತಡೆಯಲು ಕೋಶ ತನ್ನೊಳಗಿನ ಅಮೈನೋ ಆಮ್ಲಗಳನ್ನು ಹೊರಹಾಕಿ ಸಮತೋಲ ಮಾಡಿಕೊಳ್ಳುತ್ತದೆ. ಇದಕ್ಕೆ ದಿನಗಳು ಬೇಕು, ಗಂಟೆಗಳು ಸಾಲವು. ಜೂನ್‌ನಲ್ಲಿ ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಉಪ್ಪು ಇಳಿದರೆ ಮೆರೆಟ್ರಿಕ್ಸ್ ಒಗ್ಗಿಕೊಳ್ಳುವುದೂ, ಅದೇ ಇಳಿತ ಒಂದೇ ರಾತ್ರಿ ಬಂದರೆ ಸಾಯುವುದೂ ಇದೇ ಕಾರಣಕ್ಕೆ.

ಗಂಟೆಗಳಲ್ಲಿ ಬರುವ ಹೊಡೆತಕ್ಕೆ ಅದರ ಬಳಿ ಇರುವ ಉಪಾಯ ಒಂದೇ: ಚಿಪ್ಪು ಬಿಗಿಯಾಗಿ ಮುಚ್ಚುವುದು. ಮುಚ್ಚಿದ ಮೇಲೆ ಆಮ್ಲಜನಕವಿಲ್ಲ, ಊಟವಿಲ್ಲ. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ (ಶಕ್ತಿಗೆಂದು ಉಳಿಸಿದ ಪಿಷ್ಟದಂಥ ವಸ್ತು) ಸುಟ್ಟು ದಿನ ದೂಡುತ್ತದೆ. ಆಗ ಉಂಟಾಗುವ ಆಮ್ಲವನ್ನು ತಣಿಸಲು ತನ್ನದೇ ಚಿಪ್ಪಿನ ಒಳಮೈಯ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಎಷ್ಟು ದಿನ ತಡೆಯುತ್ತದೆ ಎಂಬುದು ಎರಡು ವಿಷಯಗಳ ಮೇಲೆ ನಿಂತಿದೆ. ನೀರು ಬಿಸಿಯಿದ್ದರೆ ಖರ್ಚು ಬೇಗ. ಮೊಟ್ಟೆ ಬಿಟ್ಟು ಮೈ ಸೊರಗಿದ್ದರೆ ಉಳಿತಾಯವೇ ಇರುವುದಿಲ್ಲ.

ಮರಳೂ ಒಂದು ರಕ್ಷಣೆ. ಕಣಗಳ ನಡುವೆ ಸಿಕ್ಕಿಕೊಂಡ ನೀರು ಮೇಲಿನ ನೀರಿನಷ್ಟು ಬೇಗ ಬದಲಾಗುವುದಿಲ್ಲ. ಮೇಲೆ 5 ಪಿಪಿಟಿ ಇರುವಾಗ ಒಂದು ಗೇಣು ಕೆಳಗೆ ಇನ್ನೂ ಹಳೆಯ ಉಪ್ಪು ಉಳಿದಿರಬಹುದು. ಆದರೆ ಮರುವಾಯಿಯ ಉಸಿರುನಳಿಗೆ ಗಿಡ್ಡ. ಬಹಳ ಆಳಕ್ಕೆ ಇಳಿದು ಕೂರಲು ಆಗದು. ಸಾಸಿವೆ ಗಾತ್ರದ ಮರಿಯಂತೂ ಮೇಲಿನ ಒಂದೆರಡು ಸೆಂ.ಮೀ.ನಲ್ಲೇ ಇರುತ್ತದೆ, ಎಂದರೆ ಎಲ್ಲಕ್ಕಿಂತ ಬೇಗ ತೊಳೆದುಹೋಗುವ ಪದರದಲ್ಲಿ.

ಮೂರು ಮಳೆ

2020ರ ಸೆಪ್ಟೆಂಬರ್ 20ರಂದು ಸ್ವರ್ಣಾ ದಡ ಮೀರಿತು, ಉಡುಪಿಯ ತಗ್ಗು ಪ್ರದೇಶಗಳಲ್ಲಿ ದೋಣಿ ಓಡಿದವು. ಸುದ್ದಿಯಲ್ಲಿ ಮೂರರಲ್ಲಿ ಇದೇ ದೊಡ್ಡದು. ಉಪ್ಪಿನ ಲೆಕ್ಕದಲ್ಲಿ ಮಾತ್ರ ಇದು ಅಷ್ಟು ದೊಡ್ಡದಲ್ಲ. ಸೆಪ್ಟೆಂಬರ್ ಹೊತ್ತಿಗೆ ಮೂರು ತಿಂಗಳಿನಿಂದ ಸಿಹಿನೀರಿಗೆ ಒಗ್ಗಿ ಬದುಕಿದ ಪ್ರಾಣಿಗಳೇ ಅಲ್ಲಿ ಉಳಿದಿರುತ್ತವೆ. ಐದು ಇದ್ದದ್ದು ಸೊನ್ನೆಯಾಗುವುದು ಅವಕ್ಕೆ ಹೊಸತಲ್ಲ. ಇಂಥ ನೆರೆಯ ಹಾನಿ ಬೇರೆ ಬಗೆಯದು: ಸೆಳೆತ ದಿಬ್ಬವನ್ನೇ ಕೊಚ್ಚಿ ಒಯ್ಯುತ್ತದೆ, ಇಲ್ಲವೇ ಮೇಲೆ ಗೇಣುಗಟ್ಟಲೆ ಹೂಳು ಹೊದೆಸುತ್ತದೆ. ಗಿಡ್ಡ ನಳಿಗೆಯ ಪ್ರಾಣಿ ಅದರಡಿ ಉಸಿರುಗಟ್ಟುತ್ತದೆ. ಹಾನಿ ಜಾಗ ನೋಡಿ ಆಗುತ್ತದೆ. ಒಂದು ದಿಬ್ಬ ಹೋದರೆ ಪಕ್ಕದ್ದು ಉಳಿಯುತ್ತದೆ, ಉಳಿದದ್ದರಿಂದ ಮರಿ ಬರುತ್ತದೆ.

ತೌಕ್ತೆ ಉಡುಪಿಯ ಎದುರು ಹಾದುಹೋದದ್ದು 2021ರ ಮೇ 15ರ ಸುಮಾರಿಗೆ. ಮೇ ನಡುವೆ ಅಳಿವೆಯಲ್ಲಿ ಉಪ್ಪು ವರ್ಷದ ತುದಿಯಲ್ಲಿರುತ್ತದೆ, ನೀರು ವರ್ಷದಲ್ಲೇ ಅತಿ ಬಿಸಿ. ಪ್ರಾಣಿಯ ಕೋಶಗಳು 30ರ ಮೇಲಿನ ಉಪ್ಪಿಗೆ ಹೊಂದಿಕೊಂಡು ಕೂತಿರುತ್ತವೆ. ಅಲ್ಲಿಂದ 8ಕ್ಕೆ ಇಳಿಯಬೇಕಾದರೆ ದಿಬ್ಬದ ಮೇಲಿನ ನೀರಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಹೊಳೆನೀರು ಆದರೆ ಸಾಕು, ಮತ್ತು ತಗ್ಗು ಇಳಿತದ ಹೊತ್ತಿಗೆ ಗೇಣು ನೀರಿರುವ ದಿಬ್ಬದ ಮೇಲೆ ಅದಾಗಲು ಮಹಾಪೂರ ಬೇಕಿಲ್ಲ. ಇದರ ಬೆನ್ನಿಗೇ, ಜೂನ್ 3ರಂದು, ಕೇರಳಕ್ಕೆ ಮುಂಗಾರು ಬಂತು. ನಡುವೆ ಸಿಕ್ಕಿದ್ದು ಮೂರು ವಾರಕ್ಕೂ ಕಡಿಮೆ. ಗ್ಲೈಕೋಜನ್ ಖಾಲಿ ಮಾಡಿಕೊಂಡ ಪ್ರಾಣಿ ಮತ್ತೆ ತಿಂದು ತುಂಬಿಕೊಳ್ಳುವ ಮೊದಲೇ ನಾಲ್ಕು ತಿಂಗಳ ಸಿಹಿನೀರು ಶುರು.

ನವೆಂಬರ್ ಮಳೆಯ ಕೆಡುಕು ಕಣ್ಣಿಗೆ ಬೀಳುವುದಿಲ್ಲ. ಮಳೆಗಾಲ ಮುಗಿದು ಉಪ್ಪು ಏರತೊಡಗಿದಾಗ ಬೀಜ ಬಿಟ್ಟು, ಮರಿಗಳು ಕೆಲ ದಿನ ನೀರಿನಲ್ಲಿ ತೇಲಿ, ಮರಳಿಗೆ ಇಳಿಯುವ ಕಾಲ ಅದು. ಆಗ ಅಳಿವೆ ಮತ್ತೆ ಸಿಹಿಯಾದರೆ ದೊಡ್ಡವು ಚಿಪ್ಪು ಮುಚ್ಚಿ ತಡೆದುಕೊಳ್ಳುತ್ತವೆ, ಮರಿಗಳು ಹೋಗುತ್ತವೆ. ಸಾಸಿವೆ ಗಾತ್ರದ ಸತ್ತ ಚಿಪ್ಪನ್ನು ಯಾರೂ ನೋಡುವುದಿಲ್ಲ, ವಾಸನೆಯೂ ಬರುವುದಿಲ್ಲ. ಹೊಡೆತದ ಗುರುತು ಕಾಣುವುದು ಮುಂದಿನ ವರ್ಷ ಬುಟ್ಟಿ ತುಂಬದಿದ್ದಾಗ. ಆಗ ಬೈಗುಳ ತಿನ್ನುವುದು ಬೇರೆ ಯಾರೋ. ಹಗ್ಗದಲ್ಲಿ ಪಚ್ಚಿಲೆ (ಬಂಡೆಗೆ ಅಂಟುವ ಹಸಿರು ಚಿಪ್ಪಿನ ಮೃದ್ವಂಗಿ) ಬೆಳೆಸುವವರಿಗೂ ಇದೇ ಕಾಲ ಗಂಡಾಂತರದ್ದು. ಬಂಡೆಯಿಂದ ತೆಗೆದ ಬೀಜವನ್ನು, ಎಂದರೆ ಎಳೆಯ ಪಚ್ಚಿಲೆಯನ್ನು, ಹತ್ತಿಯ ಬಲೆಬಟ್ಟೆಯಲ್ಲಿ ಹಗ್ಗಕ್ಕೆ ಸುತ್ತಿ ಇಳಿಬಿಡುವುದು ನವೆಂಬರ್–ಡಿಸೆಂಬರ್‌ನಲ್ಲಿ. ಬಟ್ಟೆ ಕೊಳೆತು ಬೀಳುವ ಮೊದಲು ಬೀಜ ಹಗ್ಗ ಹಿಡಿಯಬೇಕು. ಸಿಹಿನೀರಿಗೆ ಬಾಯಿ ಮುಚ್ಚಿಕೊಂಡ ಬೀಜ ನೂಲು ಬಿಟ್ಟು ಹಗ್ಗ ಹಿಡಿಯುವುದಿಲ್ಲ, ಬಟ್ಟೆಯ ಜೊತೆ ತಾನೂ ಉದುರುತ್ತದೆ.

ವಿಮೆ ಕೈಕೊಡುವ ಲೆಕ್ಕ

ಜಾತಿ ಹೆಚ್ಚಿದ್ದರೆ ಕೂಟ ಗಟ್ಟಿ ಎಂಬುದು ಹಳೆಯ ನಂಬಿಕೆ. 1972ರಲ್ಲಿ ರಾಬರ್ಟ್ ಮೇ ಎಂಬ ವಿಜ್ಞಾನಿ ಗಣಿತ ಹಾಕಿ, ಜಾತಿಗಳೂ ಅವುಗಳ ನಡುವಿನ ನಂಟುಗಳೂ ಮನಬಂದಂತೆ ಹೆಚ್ಚಿದರೆ ಸ್ಥಿರತೆ ಕುಸಿಯಬಹುದೆಂದು ತೋರಿಸಿದ ಮೇಲೆ ಅದನ್ನು ಕಣ್ಣುಮುಚ್ಚಿ ಹೇಳುವಂತಿಲ್ಲ. ಅಳಿವೆಯ ಮಟ್ಟಿಗೆ ಜಾತಿ ಎಷ್ಟು ಎಂಬುದಕ್ಕಿಂತ ಅವು ಒಟ್ಟಿಗೆ ಬೀಳುತ್ತವೋ ಬೇರೆ ಬೇರೆ ಹೊತ್ತಿಗೆ ಬೀಳುತ್ತವೋ ಎಂಬುದೇ ಹೆಚ್ಚು ಕೆಲಸಕ್ಕೆ ಬರುವ ಪ್ರಶ್ನೆ.

ಲೆಕ್ಕಕ್ಕೆಂದು ಮೂರು ಜಾತಿ ತೆಗೆದುಕೊಳ್ಳಿ. ಪ್ರತಿಯೊಂದರ ಸರಾಸರಿ 100, ವರ್ಷದಿಂದ ವರ್ಷಕ್ಕೆ ಪ್ರಮಾಣಿತ ವಿಚಲನೆ (ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಎಂಬ ಅಳತೆ) 60. ವಿಚಲನೆಯನ್ನು ಸರಾಸರಿಯಿಂದ ಭಾಗಿಸಿದರೆ ಒಂದೊಂದೇ ಜಾತಿಯ ಏರಿಳಿತದ ಪ್ರಮಾಣ 0.60. ಮೂರೂ ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿದರೆ ಒಟ್ಟು 300ರ ವಿಚಲನೆ 104, ಪ್ರಮಾಣ 0.35ಕ್ಕೆ ಇಳಿಯುತ್ತದೆ. ಒಂದು ಬಿದ್ದಾಗ ಇನ್ನೊಂದು ಏಳುವಂತಿದ್ದು ಪರಸ್ಪರ ಸಂಬಂಧ (ಮೈನಸ್ 1ರಿಂದ ಪ್ಲಸ್ 1ರವರೆಗಿನ ಅಳತೆ) ಮೈನಸ್ 0.3 ಆದರೆ 0.22. ಅದೇ ಸಂಬಂಧ ಪ್ಲಸ್ 0.5 ಆದರೆ 0.49. ಮೂರೂ ಪೂರ್ತಿ ಒಟ್ಟಿಗೆ ಬಿದ್ದರೆ ಮತ್ತೆ 0.60, ಅಂದರೆ ಮೂರು ಜಾತಿ ಇದ್ದೂ ಒಂದೇ ಇದ್ದಂತೆ.

ಎಂದಿನ ಮುಂಗಾರಿನಲ್ಲಿ ಪಾಫಿಯಾ ಕಳೆದುಕೊಳ್ಳುವುದನ್ನು ವಿಲ್ಲೊರಿಟಾ ಗಳಿಸುತ್ತದೆ. ಉಪ್ಪಿನ ಗಡಿ ಕೆಳಕ್ಕೆ ಸರಿದಂತೆ ಕಪ್ಪು ಚಿಪ್ಪಿಗೆ ಜಾಗ ಸಿಗುತ್ತದೆ. ಬೇಸಗೆಯಲ್ಲಿ ಉಲ್ಟಾ. ಮೇ ತಿಂಗಳ ಹಠಾತ್ ಹೊಡೆತ ಈ ಸರತಿಯನ್ನೇ ಮುರಿಯುತ್ತದೆ, ಏಕೆಂದರೆ ಆ ಹೊತ್ತಿಗೆ ಎಲ್ಲವೂ ಹೆಚ್ಚು ಉಪ್ಪಿಗೆ ಒಗ್ಗಿ ಕೂತಿರುತ್ತವೆ. ವಿಮೆ ಕಂಪನಿಯ ಎಲ್ಲ ಪಾಲಿಸಿದಾರರ ಮನೆಗೆ ಒಂದೇ ದಿನ ಬೆಂಕಿ ಬಿದ್ದ ಹಾಗೆ.

ಕಾಪಾಡುವ ಇನ್ನೊಂದು ವಿಷಯ ಆಯುಷ್ಯ. ಒಂದಕ್ಕಿಂತ ಹೆಚ್ಚು ವರ್ಷ ಬದುಕುವ ಪ್ರಾಣಿ ಒಳ್ಳೆಯ ವರ್ಷದ ಮರಿಗಳನ್ನು ದೊಡ್ಡ ಚಿಪ್ಪುಗಳ ರೂಪದಲ್ಲಿ ಕೂಡಿಟ್ಟಿರುತ್ತದೆ. ಒಂದು ವರ್ಷ ಮರಿ ಕೂರದಿದ್ದರೂ ಅವು ಮುಂದಿನ ವರ್ಷ ಬೀಜ ಬಿಡುತ್ತವೆ. ಪರಿಸರ ವಿಜ್ಞಾನಿ ಪೀಟರ್ ಚೆಸನ್ ಇದನ್ನು ಕೂಡಿಡುವ ಪರಿಣಾಮದ ಗಣಿತವಾಗಿ ಬೆಳೆಸಿದರು. ನಾವು ಪ್ರತಿ ಮೇ ತಿಂಗಳಲ್ಲಿ ದಿಬ್ಬವನ್ನು ಪೂರ್ತಿ ಬಾಚಿದರೆ ಆ ಉಳಿತಾಯ ಖಾಲಿ. ಹಲವು ವರ್ಷ ಬದುಕಬಲ್ಲ ಪ್ರಾಣಿಯನ್ನು ನಮ್ಮ ಕೈಯೇ ಒಂದು ವರ್ಷದ ಬೆಳೆಯನ್ನಾಗಿ ಮಾಡಿದಂತೆ. ಆಮೇಲೆ ಒಂದೇ ಒಂದು ಕೆಟ್ಟ ನವೆಂಬರ್ ಸಾಕು.

ಅಳೆಯುವ ಕ್ರಮ

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಇಳಿತವನ್ನೇ ಆರಿಸಿ. ನೀರು ತಳ ಮುಟ್ಟುವ ಹೊತ್ತಿನ ಒಂದು ಗಂಟೆ ಮೊದಲು ಇಳಿದರೆ ಎರಡು ಗಂಟೆ ಕೆಲಸ ಮಾಡಬಹುದು. ದಡಕ್ಕೆ ಸಮಾನಾಂತರವಾಗಿ ಮೂರು ಸಾಲು: ದಿಬ್ಬದ ನೆತ್ತಿ, ನಡು, ನೀರಂಚು. ಸಾಲಿಗೆ ಹತ್ತು ಚೌಕಟ್ಟು. ಚೌಕಟ್ಟಿನ ಒಳಅಳತೆ 25 ಸೆಂ.ಮೀ.ಗೆ 25 ಸೆಂ.ಮೀ.; 15 ಸೆಂ.ಮೀ. ಆಳದವರೆಗೆ ಮರಳು ತೆಗೆದು 1 ಮಿ.ಮೀ. ಜರಡಿಯಲ್ಲಿ ಅಲ್ಲೇ ತೊಳೆಯಬೇಕು. ಸಿಕ್ಕಿದ್ದನ್ನು 16ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಲೆಕ್ಕ. ತೆಂಗಿನ ಹಾಲು ಸೋಸುವ ಜಾಲರಿಯೋ ಜಲ್ಲಿ ಸಾಣಿಗೆಯೋ ಕೈಗೆ ಸಿಕ್ಕಿತೆಂದು ತಂದರೆ ಕೆಲಸ ಕೆಟ್ಟಿತು. ಜರಡಿಯ ಕಣ್ಣು ಬದಲಾದರೆ ಮರಿಗಳ ಲೆಕ್ಕ ಬದಲಾಗುತ್ತದೆ, ಹಿಂದಿನ ತಿಂಗಳಿಗೆ ಹೋಲಿಸಲು ಬರುವುದಿಲ್ಲ.

ಉಪ್ಪಿಗೆ ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಸಾಕು. ಪ್ರತಿ ಸಲ ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆಗೆ ಕೂರಿಸಬೇಕು. ಬಿಸಿಲಿನಲ್ಲಿ ಕಾದ ಉಪಕರಣ ಸುಳ್ಳು ಹೇಳುತ್ತದೆ, ನೆರಳಲ್ಲಿ ಇಟ್ಟುಕೊಳ್ಳಿ. ಎರಡು ಕಡೆ ಓದಬೇಕು: ಮೇಲಿನ ನೀರು, ಮತ್ತು 10 ಸೆಂ.ಮೀ. ಗುಂಡಿ ತೋಡಿದಾಗ ಬದಿಯಿಂದ ಒಸರುವ ನೀರು. ಎರಡರ ಅಂತರವೇ ಮರಳು ಎಷ್ಟು ಹೊತ್ತು ಕಾಪಾಡುತ್ತದೆ ಎಂಬುದರ ಸುಳಿವು.

ದೊಡ್ಡ ತಪ್ಪು ನಡೆಯುವುದು ತಿಂಗಳ ಸರಾಸರಿಯಲ್ಲಿ. 27 ದಿನ 30 ಪಿಪಿಟಿ, 3 ದಿನ 2 ಪಿಪಿಟಿ ಇದ್ದ ತಿಂಗಳ ಸರಾಸರಿ 27.2. ವರದಿಯಲ್ಲಿ ಅದು ಆರೋಗ್ಯವಂತ ಅಳಿವೆ. ದಿಬ್ಬದಲ್ಲಿ ಸತ್ತ ಚಿಪ್ಪು. ಬರೆದಿಡಬೇಕಾದದ್ದು ಮೂರು: ಅತಿ ಕಡಿಮೆ ಓದು, 10ಕ್ಕಿಂತ ಕೆಳಗೆ ಸತತವಾಗಿ ಎಷ್ಟು ಗಂಟೆ, ಒಂದು ದಿನದಲ್ಲಿ ಎಷ್ಟು ಇಳಿಯಿತು.

ಜರಡಿಯಲ್ಲಿ ಉಳಿದದ್ದರಲ್ಲಿ ಜೀವಂತ ಚಿಪ್ಪುಗಳಷ್ಟೇ ಮುಖ್ಯ ಜೋಡಿ ಬಿಡದ ಖಾಲಿ ಚಿಪ್ಪುಗಳು. ಬೆನ್ನಿನ ಕೀಲು ಕೊಳೆಯುವ ಮೊದಲಿನವು ಅವು, ಅಂದರೆ ಈಚೆಗೆ ಸತ್ತವು. ಖಾಲಿ ಜೋಡಿಗಳನ್ನು ಜೀವಂತ ಮತ್ತು ಖಾಲಿ ಸೇರಿದ ಮೊತ್ತದಿಂದ ಭಾಗಿಸಿದರೆ ಈಚಿನ ಸಾವಿನ ಪಾಲು ಸಿಗುತ್ತದೆ. ಬಿಡಿ ಚಿಪ್ಪು ಎಣಿಸಬೇಡಿ. ಅದು ಯಾವ ಕಾಲದ್ದೋ, ನೆರೆ ಎಲ್ಲಿಂದ ತಂದದ್ದೋ. ಆಮೇಲೆ ವರ್ನಿಯರ್ ಅಳತೆಗೋಲಿನಲ್ಲಿ ಉದ್ದ ಅಳೆದು 5 ಮಿ.ಮೀ. ಅಂತರದ ಗುಂಪು ಮಾಡಿ. ದೊಡ್ಡ ಗುಂಪು ಖಾಲಿ, ಸಣ್ಣವು ತುಂಬಿದ್ದರೆ ಹೆಕ್ಕಿದ್ದು ಹೆಚ್ಚಾಗಿದೆ. ದೊಡ್ಡವು ಇದ್ದು ಸಣ್ಣವು ಕಾಣದಿದ್ದರೆ ಮರಿ ಕೂತಿಲ್ಲ. ಎರಡೂ ಖಾಲಿಯಾಗಿ ಖಾಲಿ ಜೋಡಿಗಳೇ ಹೆಚ್ಚಿದ್ದರೆ ನೀರು ಕೊಂದಿದೆ.

ಹಲಗೆ ಮತ್ತು ಬುಟ್ಟಿ

ಮಳೆಯನ್ನು ತಡೆಯುವಂತಿಲ್ಲ. ಆದರೆ ಹೊಳೆಯ ಕಿಂಡಿ ಅಣೆಕಟ್ಟುಗಳ ಹಲಗೆ ನಮ್ಮ ಕೈಯಲ್ಲಿದೆ. ಮಳೆಗಾಲ ಕಳೆದ ಮೇಲೆ ಎರಡು ಸಾಲು ಹಲಗೆ ಹಾಕಿ ನಡುವೆ ಮಣ್ಣು ತುಂಬಿ ನಿಲ್ಲಿಸಿದ ಸಿಹಿನೀರನ್ನು ಮುಂಗಾರಿನ ಮೊದಲು ಬಿಡಲೇಬೇಕು. ಎಲ್ಲ ಕಿಂಡಿಗಳ ಹಲಗೆಯನ್ನು ಒಂದೇ ದಿನ ಎತ್ತಿದರೆ ಕೆಳಗಿನ ದಿಬ್ಬಕ್ಕೆ ಅದು ಕೃತಕ ತೌಕ್ತೆ. ಮೇ ಕೊನೆಯ ವಾರದಿಂದ ದಿನಕ್ಕೊಂದು ಪದರದಂತೆ, ಭರತ ಏರುವ ಹೊತ್ತಿಗೆ ಬಿಟ್ಟರೆ ಸಮುದ್ರದ ನೀರಿನೊಡನೆ ಬೆರೆಯುತ್ತದೆ, ಮರುವಾಯಿಗೆ ಒಗ್ಗಿಕೊಳ್ಳಲು ದಿನಗಳು ಸಿಗುತ್ತವೆ. ಇದಕ್ಕೆ ಖರ್ಚಿಲ್ಲ, ಕಿಂಡಿಯ ಉಸ್ತುವಾರಿಯವರೂ ಮರುವಾಯಿ ಹೆಕ್ಕುವವರೂ ಒಂದು ಫೋನಿನಲ್ಲಿ ಮಾತಾಡಿಕೊಳ್ಳಬೇಕು. ಹೇಳಿದಷ್ಟು ಸುಲಭವಲ್ಲ ಎಂಬುದೂ ನಿಜ: ಹವಾಮಾನ ಮುನ್ಸೂಚನೆ ಕೆಂಪಾದ ದಿನ ತೋಟ ಮುಳುಗುವ ಭಯಕ್ಕೆ ಎಲ್ಲರೂ ಹಲಗೆ ಎತ್ತಿಸಿಯೇ ಬಿಡುತ್ತಾರೆ.

ಮೇ ತಿಂಗಳಲ್ಲಿ ಚಂಡಮಾರುತದ ಸೂಚನೆ ಬಂದರೆ ಮಾರುಕಟ್ಟೆ ಗಾತ್ರದ್ದನ್ನು ಮಳೆಗೆ ಮೊದಲೇ ಹೆಕ್ಕಿ. ಮಳೆಯ ಮೇಲೆ ಹೆಕ್ಕುವುದು ಎರಡು ರೀತಿಯಲ್ಲಿ ನಷ್ಟ. ಮರುವಾಯಿ ನೀರು ಸೋಸಿ ತಿನ್ನುವ ಪ್ರಾಣಿ. ನೆರೆ ಊರಿನ ಕೊಳಚೆಯನ್ನೆಲ್ಲ ತಂದು ಅದರ ಹೊಟ್ಟೆಗೆ ಹಾಕುತ್ತದೆ. ಬಾಯಿ ಬಿಟ್ಟದ್ದನ್ನು ಮುಟ್ಟಿದಾಗ ಮುಚ್ಚಿಕೊಳ್ಳದಿದ್ದರೆ ಅದು ಸತ್ತದ್ದು, ಬುಟ್ಟಿಗೆ ಬೇಡ.

ಬಿಡಬೇಕಾದದ್ದು ಎಲ್ಲಿ ಎಂಬುದೂ ಮುಖ್ಯ. ನೆತ್ತಿಯ ಸಾಲು ಹೇಗೂ ಮೊದಲ ಸಿಹಿನೀರಿಗೆ ಸಿಗುವಂಥದ್ದು, ಅದನ್ನು ಹೆಕ್ಕಿ. ನೀರಂಚಿನ ಆಳದ ಪಟ್ಟಿಯನ್ನು ಮುಟ್ಟದೆ ಬಿಡಿ. ಉಪ್ಪುನೀರು ಕೊನೆಯವರೆಗೆ ಉಳಿಯುವುದು ಅಲ್ಲಿ, ಮುಂದಿನ ಬೀಜ ಬರುವುದೂ ಅಲ್ಲಿಂದ. ಆದರೆ ಹೆಕ್ಕುವವರ ಕೈ ಹೋಗುವುದು ಅಲ್ಲಿಗೇ, ದಪ್ಪ ಮರುವಾಯಿ ಸಿಗುವುದು ಅಲ್ಲೇ ಆದ್ದರಿಂದ. ಕೇರಳದ ಅಷ್ಟಮುಡಿಯಲ್ಲಿ ಪಾಫಿಯಾ ಹೆಕ್ಕುವುದನ್ನು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ನಿಲ್ಲಿಸುತ್ತಾರೆ. ಆ ಮೀನುಗಾರಿಕೆಗೆ 2014ರಲ್ಲಿ ಅಂತರರಾಷ್ಟ್ರೀಯ ಸುಸ್ಥಿರತೆಯ ಪ್ರಮಾಣಪತ್ರವೂ ಸಿಕ್ಕಿತು. ಅಲ್ಲಿಯ ತಿಂಗಳುಗಳನ್ನು ಇಲ್ಲಿಗೆ ನಕಲು ಮಾಡಬೇಕಿಲ್ಲ. ಸೀತಾ–ಸ್ವರ್ಣಾದಲ್ಲಿ ಯಾವ ವಾರ ನಿಲ್ಲಿಸಬೇಕೆಂಬುದನ್ನು ಜರಡಿಯೇ ಹೇಳುತ್ತದೆ: 5 ಮಿ.ಮೀ. ಒಳಗಿನ ಮರಿ ಮೊದಲು ಕಂಡ ದಿನದಿಂದ ಶುರು ಮಾಡಿ, ಅವು 15 ಮಿ.ಮೀ. ದಾಟುವವರೆಗೆ ಆ ದಿಬ್ಬಕ್ಕೆ ಕಾಲಿಡದಿದ್ದರಾಯಿತು.